ಸೂಕಿಯನ್ನು ತೊಳೆಯುವವಳು

ಕೇನ್ ಹಾಲೋ ಕಣಿವೆಯಲ್ಲಿ ಡೆಲ್ಫಾ ಥ್ರೀಟ್‌ಳ ಗಂಟಲು ಗೊತ್ತಿಲ್ಲದವರು ಇರಲಿಲ್ಲ. ಅವಳು ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಹಿಂದಿನ ಸೀಟಿನ ಪೋಕರಿ ಯಾರಾದರೂ ಕಿಟಕಿಯಿಂದ ಕೈ ಹೊರಹಾಕಿದರೆ ಕನ್ನಡಿಯಲ್ಲಿ ನೋಡಿ ಒಂದು ಕೂಗು ಹಾಕುವಳು; ಕೈ ಒಳಗೆ ಬರುವುದಿರಲಿ, ಬೇಲಿಯಾಚೆ ಮೇಯುವ ದನಗಳೂ ತಲೆಯೆತ್ತಿ ನೋಡುತ್ತಿದ್ದವು. ದಾರಿಯಲ್ಲಿ ಪಾದ್ರಿ ಸಿಗಲಿ, ಪೊಲೀಸಿನವನು ಸಿಗಲಿ, ಹಿಡಿದು ನಿಲ್ಲಿಸಿ ಮಾತಿನ ಮೂಟೆ ಬಿಚ್ಚುವಳು. "ನಮ್ಮನೇಲಿ ರೇಡಿಯೋ ಇಲ್ಲ, ಬೇಕಾಗೇ ಇಲ್ಲ" ಎಂದು ಅವಳ ಗಂಡ ಆರ್ಬಿನ್ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅಂಥವಳು ವರ್ಷಕ್ಕೊಂದು ದಿನ ಬಾಯಿಗೆ ಬೀಗ ಹಾಕುತ್ತಿದ್ದಳು. ಟೆನೆಸ್ಸೀಯ ಈ ಬೆಟ್ಟಗಳಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಹೋರಿಯ ಪಂದ್ಯ ನಡೆಯುತ್ತದೆ. ಹೋರಿ ಓಡುವುದಿಲ್ಲ, ಗುದ್ದಾಡುವುದಿಲ್ಲ. ಪಂದ್ಯ ಶುರುವಾಗುವಷ್ಟರಲ್ಲಿ ಅದು ಕಸಾಯಿಯ ಕೊಕ್ಕೆಯಲ್ಲಿ ತೂಗುತ್ತಿರುತ್ತದೆ. ಓಡುವುದು ಗುಂಡು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ ಇದ್ದವರೆಲ್ಲ ಬರುತ್ತಾರೆ. ಮರದ ದಿಮ್ಮಿಯ ಮೇಲೆ ನಳಿಗೆ ಒರಗಿಸಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಅರವತ್ತು ಗಜ ದೂರದ ಹಲಗೆಗೆ ಹತ್ತು ಗುಂಡು ಹೊಡೆಯುತ್ತಾರೆ. ಬೆಂಕಿಯಲ್ಲಿ ಕರಿ ಮಾಡಿದ ಹಲಗೆ, ಅದರ ಮೇಲೆ ಚಾಕುವಿನಿಂದ ಗೀರಿದ ಕತ್ತರಿ ಗುರುತು. ಎಲ್ಲರದೂ ಮುಗಿದ ಮೇಲೆ ಪಂದ್ಯದ ಹಿರಿಯ ಎಲ್ಜಿ ಚೋಟ್ ಒಂದೊಂದು ತೂತಿಗೂ ಕಡ್ಡಿ ಚುಚ್ಚಿ, ಗುರುತಿನ ನಡುವಿನಿಂದ ಕಡ್ಡಿಯವರೆಗೆ ದಾರ ಎಳೆದು, ಅಷ್ಟೂ ದೂರವನ್ನು ಒಂದೇ ದಾರದಲ್ಲಿ ಕೂಡಿಸುತ್ತಾನೆ. ಯಾರ ದಾರ ಗಿಡ್ಡವೋ ಅವರು ಗೆದ್ದಂತೆ.

ಮೊದಲನೆಯವನಿಗೆ ಹೋರಿಯ ಹಿಂದಿನ ತೊಡೆಗಳಲ್ಲಿ ಬೇಕಾದ್ದು. ಹಾಗೇ ಇಳಿಯುತ್ತ ಇಳಿಯುತ್ತ ಐದನೆಯವನಿಗೆ ಚರ್ಮ ಮತ್ತು ಕೊಬ್ಬು. ಆರನೆಯವನಿಗೆ ಹಲಗೆಯ ಹಿಂದಿನ ಮರದಿಂದ ಕೆತ್ತಿ ತೆಗೆದ ಸೀಸ. ಡೆಲ್ಫಾಗೆ ಎಷ್ಟೋ ವರ್ಷ ಸಿಕ್ಕಿದ್ದು ಸೀಸವೇ. ಅದನ್ನು ಕರಗಿಸಿ ಮತ್ತೆ ಗುಂಡು ಎರೆಯುವಳು. "ಎಲ್ಲರದೂ ತಿಂದು ಖರ್ಚಾಗುತ್ತೆ, ನಂದು ಮುಂದಿನ ವರ್ಷಕ್ಕೂ ಉಳಿಯುತ್ತೆ" ಎಂದು ಅದಕ್ಕೂ ಒಂದು ಮಾತು ಇಟ್ಟುಕೊಂಡಿದ್ದಳು.

ಪಂದ್ಯಕ್ಕೆ ಕಟ್ಟಳೆಗಳು ಹಲವು. ಹೆಚ್ಚಿನವನ್ನು ಮುರಿದರೆ ಬೈಗುಳದಲ್ಲಿ ಮುಗಿಯುತ್ತದೆ. ಒಂದನ್ನು ಮಾತ್ರ ಯಾರೂ ಮುರಿಯುವುದಿಲ್ಲ. ಮದ್ದು ತುಂಬುವ ಮೇಜಿನ ಮುಂದೆ ಒಬ್ಬರು ನಿಂತರೆಂದರೆ ಅವರ ಹತ್ತಿರ ಯಾರೂ ಮಾತಾಡುವಂತಿಲ್ಲ, ಕಟ್ಟಿಕೊಂಡವರೂ ಸಹ. ಎಲ್ಜಿಯ ಅಜ್ಜನ ಕಾಲದಲ್ಲಿ ಯಾವನೋ ಹರಟೆಗೆ ಕಿವಿಗೊಟ್ಟು ಮದ್ದಿನ ಮೇಲೆ ಮದ್ದು ತುಂಬಿ, ನಳಿಗೆ ಸೀಳಿ, ಎಡಗೈಯ ಬೆರಳುಗಳನ್ನು ಅಲ್ಲೇ ಬಿಟ್ಟು ಹೋದನಂತೆ. ಅವತ್ತಿನಿಂದ, ಮಾತಾಡಿದವರು ಪಂದ್ಯದಲ್ಲಿದ್ದರೆ ಅವರ ಮುಂದಿನ ಗುಂಡು ತಪ್ಪಿದಂತೆ ಲೆಕ್ಕ: ಒಂದು ಗೇಣು ದಾರ ದಂಡ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತೇವೆ. ಇಲ್ಲಿ ಮಾತು ನಳಿಗೆಯನ್ನೂ ಕೆಡಿಸಿದೆ.

ಥ್ರೀಟ್ ಮನೆಯ ಕೋವಿಗೆ ಸೂಕಿ ಎಂದು ಹೆಸರು. ಈ ಕಡೆ ಹಸುವನ್ನು ಹಟ್ಟಿಗೆ ಕರೆಯುವುದು ಹಾಗೆ. ಆರ್ಬಿನ್‌ನ ಮುತ್ತಜ್ಜ ಮಾಡಿಸಿದ್ದು. ಎತ್ತಿದರೆ ಭುಜ ಇಳಿಯುವಷ್ಟು ಭಾರ, ಮಲಗಿಸಿದರೆ ಮಂಚದುದ್ದ. ಡೆಲ್ಫಾ ಮದುವೆಯಾಗಿ ಬಂದ ವರ್ಷ ಪಂದ್ಯದ ಸಂಜೆ ಅತ್ತೆ ಅವಳ ಕೈಗೆ ಬಕೆಟ್ಟು ಕೊಟ್ಟು, "ಗಂಡಸರು ಹೊಡೀತಾರೆ, ಹೆಂಗಸರು ತೊಳೀತಾರೆ. ಈ ಮನೇಲಿ ಹೀಗೇನೆ" ಅಂದಳು. ಕರಿಮದ್ದು ಸುಟ್ಟ ಕೋವಿಯನ್ನು ಅದೇ ಸಂಜೆ ಕುದಿನೀರಿನಲ್ಲಿ ತೊಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ತುಕ್ಕು. ಡೆಲ್ಫಾ ಗಂಡನನ್ನೂ ಅತ್ತೆಯನ್ನೂ ಮದ್ದು ಕಂಡುಹಿಡಿದವನನ್ನೂ ಒಟ್ಟಿಗೆ ಬೈಯುತ್ತ ತೊಳೆದಳು. ಮುಂದಿನ ವರ್ಷವೂ ತೊಳೆದಳು. ಹೀಗೆ ತೊಳೆಯುತ್ತ ತೊಳೆಯುತ್ತ ಆ ನಳಿಗೆಯ ಒಳಗು ಅವಳಿಗೆ ತನ್ನ ಹಲ್ಲಿನ ಸಾಲಿನಂತೆ ಪರಿಚಯವಾಯಿತು.

ತಳದ ಹತ್ತಿರ ಒಂದು ಕಡೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಕೇಳಿದ್ದಕ್ಕೆ ಆರ್ಬಿನ್, "ಅಪ್ಪನ ಕೆಲಸ. ಒಂದ್ಸಲ ಮದ್ದು ಹಾಕದೆ ಗುಂಡು ತುರುಕಿಬಿಟ್ಟ" ಅಂದ. ಮದ್ದಿಲ್ಲದ ಗುಂಡು ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಕೋಲಿನ ತುದಿಗೆ ತಿರುಪು ಹಾಕಿ, ಗುಂಡಿಗೆ ಚುಚ್ಚಿ, ಇಬ್ಬರು ಹಿಡಿದು ಎಳೆಯಬೇಕು. ಹಾಗೆ ಎಳೆದಾಗ ತಿರುಪು ವಾಲಿ ಒಳಗೋಡೆಗೆ ಗೀರು ಬಿದ್ದಿತ್ತು. ಆ ಗೀರಿನ ಮೇಲೆ ಬಟ್ಟೆ ಹೋದಾಗಲೆಲ್ಲ ಡೆಲ್ಫಾಳ ಹಲ್ಲು ಜುಮ್ಮೆನ್ನುತ್ತಿತ್ತು.

ಒಂದು ವರ್ಷ ಪಂದ್ಯಕ್ಕೆ ಮುಂಚೆ ಆರ್ಬಿನ್ ಕೊಟ್ಟಿಗೆಯ ಅಟ್ಟದಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. "ತೊಳೆಯೋಳು ನೀನು, ಹೊಡೆಯೋದೂ ನೀನೇ ಹೊಡಿ" ಅಂದ. ಇಡೀ ಕಣಿವೆಯ ಎದುರು ಹೊಟ್ಟೆಯ ಮೇಲೆ ಮಲಗಿದ ಡೆಲ್ಫಾಳನ್ನು ನೋಡಿ ಗಂಡಸರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಅವಳು ಆರನೆಯವಳಾಗಿ ಸೀಸ ಹೊತ್ತುಕೊಂಡು ಮನೆಗೆ ಬಂದಳು. ಮುಂದಿನ ವರ್ಷದಿಂದ ಗಂಡ ಹೆಂಡತಿ ಅದೇ ಕೋವಿಯಲ್ಲಿ ಸರದಿಯಾಗಿ ಹೊಡೆದರು. ಒಂದು ಕೋವಿಗೆ ಇಬ್ಬರು ಎಂಬುದಕ್ಕೆ ಕಟ್ಟಳೆಯಲ್ಲಿ ಅಡ್ಡಿಯಿಲ್ಲ. ಕ್ರಮೇಣ ಅವಳ ದಾರ ಅವನದ್ದಕ್ಕಿಂತ ಗಿಡ್ಡವಾಗತೊಡಗಿತು. ಬೇರೆ ಗಂಡಸಾಗಿದ್ದರೆ ಕೋವಿ ಬಚ್ಚಿಡುತ್ತಿದ್ದ. ಆರ್ಬಿನ್ ಅದನ್ನು ಊರೆಲ್ಲ ಸಾರಿಕೊಂಡು ಬಂದ. ಅವನನ್ನು ಅವಳು ಅಷ್ಟು ಬೈಯುತ್ತಿದ್ದರೂ ಬಿಟ್ಟಿರಲಾರದೆ ಇದ್ದುದು ಇಂಥದ್ದಕ್ಕೇ.

ಆ ಆರ್ಬಿನ್ ಒಂದು ಮಾರ್ಚಿನಲ್ಲಿ, ಮರ ಕೊಯ್ಯುವ ಕಾರ್ಖಾನೆಯಲ್ಲಿ, ಹಲಗೆಗಳ ರಾಶಿಯ ಮೇಲೆ ಕೂತು ಕಾಫಿ ಆರಿಹೋಯಿತೆಂದು ಗೊಣಗಿ ಸತ್ತುಹೋದ. ಸೂಕಿ ಯಾರಿಗೆ ಎಂದು ಹೇಳಿರಲಿಲ್ಲ. ಹೇಳಬೇಕಾದೀತೆಂದು ಅವನಿಗೆ ಹೊಳೆದಿರಲೂ ಇಲ್ಲ.

ಬೇಸಿಗೆಯಲ್ಲಿ ಅವನ ಅಣ್ಣ ಹೋಬರ್ಟ್ ಬಂದ. ಪೇಟೆಯಲ್ಲಿ ಟೈರಿನ ಅಂಗಡಿ, ಹೊಸದಾಗಿ ಕಟ್ಟಿಸಿದ ಮನೆ, ಮನೆಯಲ್ಲಿ ಕಲ್ಲಿನ ಅಗ್ಗಿಷ್ಟಿಕೆ. ಅದರ ಮೇಲೆ ಎರಡು ಕಬ್ಬಿಣದ ಕೊಕ್ಕೆಗಳನ್ನು ಕೋವಿ ಕೇಳುವುದಕ್ಕೆ ಮುಂಚೆಯೇ ಹೊಡೆಸಿಯಾಗಿತ್ತು. ಡೆಲ್ಫಾಳ ಅಡುಗೆಮನೆಯಲ್ಲಿ ಅವಳು ಕೊಟ್ಟ ಜೋಳದ ರೊಟ್ಟಿ ಮುರಿಯುತ್ತ ಅವನು ಮಾತು ತೆಗೆದ.

"ಅದು ಥ್ರೀಟ್ ಮನೆತನದ್ದು ಡೆಲ್ಫಾ."

"ಹಂಗಾದ್ರೆ ನಾನಿಲ್ಲಿ ಬಾಡಿಗೆಗೆ ಇದ್ನಾ ಇಷ್ಟು ವರ್ಷ?"

"ಹಂಗಲ್ಲ. ರಕ್ತ ಅಂತ ಒಂದಿರುತ್ತೆ. ನಿನ್ನ ಕಾಲಾನಂತರ ಯಾರಿಗೆ ಹೋಗುತ್ತೆ ಹೇಳು. ನಿಂಗೇನು ಮಕ್ಕಳಾ ಮರಿಯಾ?"

ಬಸ್ಸಿನಲ್ಲಿ ಒಂದು ತಲೆಮಾರಿನ ಮಕ್ಕಳನ್ನು ಹೊತ್ತವಳಿಗೆ ಈ ಮಾತು ಚುಚ್ಚಿತು. ಚುಚ್ಚಿದ್ದು ಕಾಣದಿರಲೆಂದು ಅವಳು ರೊಟ್ಟಿಯ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಟ್ಟಳು.

"ತಗೊಂಡು ಏನ್ಮಾಡ್ತೀಯ?"

"ತೂಗಹಾಕ್ತೀನಿ. ಸಾಕು, ಎಷ್ಟು ದಿನ ದುಡಿಸ್ತೀರಿ ಅದನ್ನ. ಒಂದಿನ ಸೀಳಿದ್ರೆ? ಬಂದೋರೆಲ್ಲ ನೋಡ್ಲಿ, ನಮ್ಮ ಮುತ್ತಜ್ಜಂದು ಅಂತ."

"ಹೊಡೀದೆ ಇರೋ ಕೋವಿ ಕೋವಿ ಅಲ್ಲ ಹೋಬರ್ಟ್. ಹೆಣಾನ ಗೋಡೆಗೆ ಹಾಕ್ದಂಗೆ."

ಇಬ್ಬರ ಜಗಳ ಚರ್ಚಿನ ಅಂಗಳಕ್ಕೆ ಬಂದಾಗ ಎಲ್ಜಿ ಚೋಟ್ ನಡುವೆ ಬಾಯಿ ಹಾಕಿದ. "ಕೋರ್ಟಿಗೆ ಹೋದ್ರೆ ವಕೀಲರು ಕೋವೀನ ನಡುಮಧ್ಯಕ್ಕೆ ಕೊಯ್ದು ಕೊಡ್ತಾರೆ, ಮರದ ಹಿಡಿ ತಾವಿಟ್ಕೊಂಡು. ಹಲಗೆ ಸುಳ್ಳು ಹೇಳಲ್ಲ. ಅಕ್ಟೋಬರಲ್ಲಿ ಇಬ್ಬರೂ ಅದ್ರಲ್ಲೇ ಹೊಡೀರಿ. ಯಾರ ದಾರ ಗಿಡ್ಡವೋ ಸೂಕಿ ಅವರಿಗೆ." ಡೆಲ್ಫಾ ಒಪ್ಪಿದಳು. ಧೈರ್ಯಕ್ಕಿಂತ ಹೆಚ್ಚಾಗಿ ಸಿಟ್ಟು ಒಪ್ಪಿಸಿತು. ಹೋಬರ್ಟ್ ಒಳ್ಳೆಯ ಗುರಿಕಾರನೇ ಎಂಬುದು ಮನೆಗೆ ಬಂದ ಮೇಲೆ ನೆನಪಾಗಿ ಆ ವಾರವೆಲ್ಲ ಊಟ ಸೇರಲಿಲ್ಲ.

ಪಂದ್ಯದ ದಿನ ಬಿಸಿಲು ಹದವಾಗಿತ್ತು. ತೂಗುಹಾಕಿದ ಹೋರಿಗೂ, ಗುಂಡಿಗೆ ಸುತ್ತುವ ಬಟ್ಟೆಗೆ ಸವರುವ ಕೊಬ್ಬಿಗೂ ಹಳದಿ ಕಣಜಗಳು ಮುತ್ತಿಕೊಂಡಿದ್ದವು. ಉಳಿದವರೂ ಹೊಡೆಯುತ್ತಿದ್ದರು, ಆದರೆ ಜನ ನೆರೆದಿದ್ದು ಥ್ರೀಟ್‌ರ ದಿಮ್ಮಿಯ ಹಿಂದೆ. ಹೋಬರ್ಟ್ ತುಂಬಿ ಹೊಡೆಯುವನು. ಡೆಲ್ಫಾ ನಳಿಗೆ ಒರೆಸಿ, ತಾನು ತುಂಬಿ ಹೊಡೆಯುವಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಡೆಲ್ಫಾ ಬಾಯಿ ಮುಚ್ಚಿರುವುದನ್ನು ನೋಡುವುದಕ್ಕೇ ಕೆಲವರು ಬಂದಿದ್ದರೆಂದು ಕಾಣುತ್ತದೆ.

ಒಂಬತ್ತೊಂಬತ್ತು ಗುಂಡು ಮುಗಿದಾಗ ಎಲ್ಜಿ ದುರ್ಬೀನಿನಲ್ಲಿ ಎರಡೂ ಹಲಗೆ ನೋಡಿದ. ಅವಳ ತೂತುಗಳು ಗುರುತಿನ ಸುತ್ತ ಕೋಳಿಮರಿಗಳ ಹಾಗೆ ಒತ್ತಿಕೊಂಡಿದ್ದವು. ಹೋಬರ್ಟನವೂ ಅಷ್ಟೇ, ಒಂದು ಮಾತ್ರ ಸ್ವಲ್ಪ ಅಂಚಿಗೆ. ಎಲ್ಜಿ ಡೆಲ್ಫಾಳತ್ತ ನೋಡಿ ಟೋಪಿ ಸರಿಪಡಿಸಿಕೊಂಡ. ಅವಳು ಹೆಬ್ಬೆರಳಿನಷ್ಟು ಮುಂದಿದ್ದಾಳೆಂದು ಎಲ್ಲರಿಗೂ ಅರ್ಥವಾಯಿತು.

ಕೊನೆಯ ಗುಂಡು. ಹೋಬರ್ಟನ ಸರದಿ ಮೊದಲು. ಮೇಜಿನ ಮುಂದೆ ನಿಂತು ಕೊಂಬಿನಿಂದ ಮಾಡಿದ ಅಳತೆ ಬಟ್ಟಲಿಗೆ ಮದ್ದು ಸುರಿದ. ಅಷ್ಟರಲ್ಲಿ ಒಂದು ಕಣಜ ಅವನ ಕೊರಳಪಟ್ಟಿಯೊಳಗೆ ನುಗ್ಗಿತು. ಮದ್ದು ತುಂಬಿದ ಅಳತೆಯನ್ನು ಮೇಜಿನ ಮೇಲೆ ನಿಲ್ಲಿಸಿ ಕಣಜವನ್ನು ಹೊಡೆದು ಕೆಡವಿದ. ಕೊರಳು ಉಜ್ಜಿಕೊಂಡ. ಆಮೇಲೆ ಕೈ ನೇರವಾಗಿ ಬಟ್ಟೆಯ ತುಂಡಿಗೆ ಹೋಯಿತು. ಅದನ್ನು ನಳಿಗೆಯ ಬಾಯಿಗೆ ಹಾಸಿ, ಮೇಲೆ ಗುಂಡಿಟ್ಟು, ಅದನ್ನು ಒಳಗೆ ತಟ್ಟುವ ಸುತ್ತಿಗೆಗೆ ಕೈಚಾಚಿದ. ಅಳತೆ ಮದ್ದು ತುಂಬಿಕೊಂಡು ಮೇಜಿನ ಅಂಚಿನಲ್ಲಿ ನಿಂತೇ ಇತ್ತು.

ಡೆಲ್ಫಾಗೆ ಕಂಡಿತು. ಅವಳ ಜಾಗದಿಂದಲ್ಲದೆ ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಸುಮ್ಮನಿದ್ದರೆ ಮುಗಿಯಿತು: ಅವನು ಮಲಗಿ ಕೋವಿಯ ಕುದುರೆ ಎಳೆಯುತ್ತಾನೆ, ಕೇಪು ಮಾತ್ರ ಟಪ್ಪೆನ್ನುತ್ತದೆ, ಗುಂಡು ಹೊರಡುವುದಿಲ್ಲ, ಜನ ಬಿದ್ದು ಬಿದ್ದು ನಗುತ್ತಾರೆ, ಅವನ ದಾರಕ್ಕೆ ಒಂದು ಗೇಣು ಸೇರುತ್ತದೆ, ಸೂಕಿ ಮನೆಗೆ ಬರುತ್ತಾಳೆ. ಸುಮ್ಮನಿರುವುದು ಮೋಸವೂ ಅಲ್ಲ. ಸುಮ್ಮನಿರಬೇಕೆಂದೇ ಕಟ್ಟಳೆ. ಬಾಯಿಬಡುಕಿ ಡೆಲ್ಫಾಗೆ ದೇವರು ಇದಕ್ಕಿಂತ ಸುಲಭದ ಗೆಲುವು ಕೊಡುವಂತಿರಲಿಲ್ಲ.

ಹೋಬರ್ಟ್ ಸುತ್ತಿಗೆ ಎತ್ತಿದ. ಡೆಲ್ಫಾಳ ಬೆರಳ ತುದಿಗೆ ಆ ಹಳೇ ಗೀರು ತಗುಲಿದಂತಾಯಿತು. ತಿರುಪು ಚುಚ್ಚಿ, ಇಬ್ಬರು ಗಂಡಸರು ಕಾಲು ಊರಿ ಎಳೆಯುವುದು ಕಣ್ಣಿಗೆ ಕಟ್ಟಿತು.

"ಹೋಬರ್ಟ್, ಮದ್ದು" ಅಂದಳು.

ಜೋರಾಗಿ ಅನ್ನಲಿಲ್ಲ. ಆದರೆ ಅವಳ ಗಂಟಲು ಪಿಸುಗುಟ್ಟಿದರೂ ಬೇಲಿಯವರೆಗೆ ಕೇಳಿಸುವ ಗಂಟಲು. ಹೋಬರ್ಟನ ಕೈ ಗಾಳಿಯಲ್ಲೇ ನಿಂತಿತು. ಅವನು ಮೇಜಿನ ಅಂಚಿನ ಅಳತೆ ನೋಡಿದ, ಅವಳನ್ನು ನೋಡಿದ, ಮುಖ ಕೆಂಪಾಯಿತು. ಜನ ಎಲ್ಜಿಯನ್ನು ನೋಡಿದರು. ಎಲ್ಜಿ ಮರಗಳ ತುದಿ ನೋಡಿದ.

"ಯಾವ್ದೋ ಹಕ್ಕಿ ಕೂಗ್ತು ಅನ್ಸುತ್ತೆ" ಅಂದ.

"ಹೌದು ಹೌದು, ಹಕ್ಕಿ" ಅಂದರು ಹಿಂದಿನಿಂದ ಯಾರೋ.

ಹಕ್ಕಿಯೇ ಎಂದು ಹೋಬರ್ಟ್ ಒಂದು ಮಾತು ಹೇಳಿದ್ದರೆ ದಂಡ ತಪ್ಪುತ್ತಿತ್ತು. ಹೇಳಲಿಲ್ಲ, ಬಗ್ಗಿ ಗುಂಡು ತೆಗೆದು ಬಟ್ಟೆಯನ್ನು ಮತ್ತೆ ಮಡಚತೊಡಗಿದ.

"ಹಕ್ಕಿ ಅಲ್ಲ ಎಲ್ಜಿ ಮಾಮ, ನಾನು" ಅಂದಳು ಡೆಲ್ಫಾ. "ನಿಮ್ಮಜ್ಜನ ಕಟ್ಟಳೆಗೆ ರೆಕ್ಕೆ ಕಟ್ಬೇಡ. ಬರಕೋ."

ಎಲ್ಜಿ ಬರೆದುಕೊಂಡ. ಹೋಬರ್ಟ್ ಮದ್ದು ಸುರಿದು, ಗುಂಡು ಇಳಿಸಿ, ಮಲಗಿ ಹೊಡೆದ. ಗುಂಡು ಕತ್ತರಿ ಗುರುತಿನ ಒಂದು ಗೆರೆಯ ಮೇಲೆಯೇ ಬಿತ್ತು. ತಪ್ಪಿದಂತೆ ಲೆಕ್ಕವಾಗಿದ್ದ ಕೊನೆಯ ಗುಂಡನ್ನು ಡೆಲ್ಫಾ ಹೊಡೆಯಲೇ ಇಲ್ಲ. ದಾರ ಎಳೆದಾಗ ಅವಳದು ಆ ದಂಡದ ಗೇಣಿನಿಂದಾಗಿಯೇ ಉದ್ದವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮತ್ತು ಅದನ್ನು ತಟ್ಟಿ ಕೆಡವಿದ್ದು ಅವಳದೇ ಬಾಯಿ.

"ಯಾಕೆ ಹಂಗ್ಮಾಡ್ದೆ ಮಾರಾಯ್ತಿ? ಅವನಿಗೋಸ್ಕರ?" ಎಂದು ಎಲ್ಜಿ ದಾರ ಸುತ್ತುತ್ತ ಕೇಳಿದ.

"ಅವನಿಗೋಸ್ಕರ ಯಾರು ಹೇಳಿದ್ರು? ಅವಳಿಗೋಸ್ಕರ ಹೇಳ್ದೆ" ಎಂದು ಡೆಲ್ಫಾ ಕೋವಿಯತ್ತ ಗದ್ದ ತೋರಿಸಿದಳು. ಹೋಬರ್ಟ್ ಕೋವಿಗೆ ಕೈಹಾಕಿದಾಗ ತಡೆದಳು. "ತೊಳೀದೆ ಕೊಡಲ್ಲ. ಹಿಂದೆ ಬಾ." ಸೂಕಿಯನ್ನು ಗಾಡಿಯ ಸೀಟಿನ ಮೇಲೆ ಮಲಗಿಸಿಕೊಂಡು ಮನೆಗೆ ಹೊರಟಳು; ಹಿಂದೆ ಅವನ ಗಾಡಿ. ದಾರಿಯುದ್ದಕ್ಕೂ ತನ್ನನ್ನು ತಾನು ಬೈದುಕೊಂಡಳು. ಸತ್ತ ಗಂಡನನ್ನೂ ಬಿಡಲಿಲ್ಲ. ಸೇತುವೆ ದಾಟುವಾಗ ಅಳು ಬಂತು, ಮಾಡಿದ್ದು ಸರಿಯೆಂದು ಒಂದು ಕ್ಷಣವೂ ಸಮಾಧಾನವಾಗಲಿಲ್ಲ.

ಅಡುಗೆಮನೆಯಲ್ಲಿ ನೀರು ಕುದಿಯಿತು. ಅವಳು ಮರದ ಹಿಡಿಯಿಂದ ನಳಿಗೆ ಬಿಡಿಸಿ, ತಳವನ್ನು ಬಕೆಟ್ಟಿಗೆ ಊರಿ, ಬಟ್ಟೆ ಸುತ್ತಿದ ಕೋಲನ್ನು ಮೇಲೆ ಕೆಳಗೆ ಆಡಿಸಿದಳು. ಕೊಳೆತ ಮೊಟ್ಟೆಯ ವಾಸನೆಯ ಕರಿನೀರು ಉಕ್ಕಿ ಬಂತು. ಹೋಬರ್ಟ್ ಬಾಗಿಲಲ್ಲೇ ಟೋಪಿ ಹಿಡಿದು ನಿಂತಿದ್ದ. ಕೂರು ಎಂದು ಅವಳು ಹೇಳಲಿಲ್ಲ.

"ನಾನಾಗಿದ್ರೆ ಹೇಳ್ತಿರ್ಲಿಲ್ಲ ಡೆಲ್ಫಾ" ಅಂದ ಕೊನೆಗೆ.

"ಗೊತ್ತು."

"ಎಲ್ಜಿ ಹಕ್ಕಿ ಅಂದಾಗ್ಲೂ ನಾನು ಬಾಯಿ ಬಿಡ್ಲಿಲ್ಲ."

"ಅದೂ ಗೊತ್ತು. ನೀನು ಸುಮ್ನಿದ್ದಿದ್ದು ಚೆನ್ನಾಗಿ ಕೇಳಿಸ್ತು."

ಅವಳು ಬಕೆಟ್ಟು ಚೆಲ್ಲಿ ಬಂದು ಎರಡನೆಯ ಸಲ ನೀರು ಹಾಕಿದಳು. ಈ ಸಲ ನೀರು ಬೂದಿ ಬಣ್ಣಕ್ಕೆ ಬಂತು. ಹೋಬರ್ಟ್ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ.

"ಎಷ್ಟು ಸಲ ಹಾಕ್ಬೇಕು?"

"ತಿಳಿ ಬರೋವರ್ಗೂ."

"ಆಮೇಲೆ?"

"ಬಿಸಿ ಇರೋವಾಗ್ಲೇ ಒರೆಸಿ ಕೊಬ್ಬು ಹಚ್ಬೇಕು. ನಿಂಗ್ಯಾಕದು? ಗೋಡೆ ಮೇಲಿರೋದಕ್ಕೆ ವರ್ಷಕ್ಕೊಂದ್ಸಲ ಧೂಳು ಹೊಡೆದ್ರೆ ಆಯ್ತು. ನಿನ್ ಹೆಂಡ್ತಿ ಹತ್ರ ಪುಕ್ಕದ ಪೊರಕೆ ಇರುತ್ತಲ್ಲ."

ಹೋಬರ್ಟ್ ಟೋಪಿಯನ್ನು ಕುರ್ಚಿಯ ಮೇಲಿಟ್ಟ. ಕೋಟು ಬಿಚ್ಚಿ ಅದರ ಬೆನ್ನಿಗೆ ಹಾಕಿದ. ಅವಳ ಮುಖ ನೋಡದೆ, ಕೋಲಿಗೆ ಕೈಚಾಚಿ ನಿಂತ.

"ನಂಗೂ ತೋರ್ಸು" ಅಂದ. "ಮುಂದಿನ ವರ್ಷ ನಾನೇ ತೊಳೀಬೇಕಲ್ಲ."

ಸೂಕಿ ಗೋಡೆಗೆ ಹೋಗುವುದಿಲ್ಲ, ಮುಂದಿನ ವರ್ಷವೂ ಪಂದ್ಯಕ್ಕೆ ಬರುತ್ತಾಳೆ ಎಂಬುದು ಡೆಲ್ಫಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೂ ಕೋಲು ಬಿಡಲಿಲ್ಲ. ಕೋವಿ ಹೋಗುವುದಕ್ಕೆ ಅವಳು ದಾರಿಯಲ್ಲೇ ಅತ್ತು ಸಿದ್ಧಳಾಗಿದ್ದಳು. ಅದನ್ನು ತೊಳೆಯುವುದೂ ತನ್ನ ಕೈಯಿಂದ ಹೋಗಬಹುದೆಂದು ಅವಳಿಗೆ ತೋಚಿರಲಿಲ್ಲ. ಇದು ಅದಕ್ಕಿಂತ ಹೆಚ್ಚು ನೋಯಿಸಿತು. ಆದರೆ ಕೋಲು ಕೊಡದಿದ್ದರೆ ಸೂಕಿಗೆ ಅಗ್ಗಿಷ್ಟಿಕೆಯ ಮೇಲಿನ ಆ ಕೊಕ್ಕೆಗಳೇ ಗತಿ ಎಂಬುದು ಅವಳಿಗೆ ತಿಳಿದಿತ್ತು.

"ತೋಳು ಮಡಚ್ಕೋ ಮೊದ್ಲು" ಎಂದು ಅವನ ಕೈಗೆ ಕೋಲು ಕೊಟ್ಟಳು. "ಈ ಕರಿ ಅಂಗಿಗೆ ಹತ್ತಿದ್ರೆ ಜನ್ಮದಲ್ಲಿ ಹೋಗಲ್ಲ. ನಿಧಾನ, ನಿಧಾನ. ಬೆಣ್ಣೆ ಕಡೀತಿಲ್ಲ ನೀನು."

ಹೋಬರ್ಟ್ ತೋಳು ಮಡಚಿಕೊಂಡು ನಿಧಾನವಾಗಿ ಕೋಲು ಎಳೆದ. ಅವಳು ಮತ್ತೊಂದು ಪಾತ್ರೆ ನೀರು ಒಲೆಗಿಟ್ಟು, ಅವನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತ, ಪಕ್ಕದಲ್ಲೇ ನಿಂತಳು.